ಎಲ್ಲರ ಸಭೆಗೆ ಅಜೆಂಡಾ: ಓಪನ್ ಸ್ಪೇಸಾ, ಲೀನ್ ಕಾಫಿಯಾ?

ಸಂಘದ ಮುಂದಿನ ವರ್ಷದ ದಿಕ್ಕನ್ನು ಎಲ್ಲರೂ ಸೇರಿ ಗೊತ್ತುಮಾಡಬೇಕು ಅಂದುಕೊಳ್ಳಿ. ಅಜೆಂಡಾವನ್ನು ಯಾರೋ ಇಬ್ಬರು ಮೊದಲೇ ಬರೆದುಬಿಟ್ಟರೆ ಉಳಿದವರು ಸುಮ್ನೆ ಕೂತಿರುತ್ತಾರೆ, ಅಲ್ವಾ? ಅಜೆಂಡಾವನ್ನು ಸಭೆಯಲ್ಲೇ ಎಲ್ಲರೂ ಸೇರಿ ಮಾಡುವ ಎರಡು ದಾರಿಗಳಿವೆ: ಓಪನ್ ಸ್ಪೇಸ್ ಮತ್ತು ಲೀನ್ ಕಾಫಿ.

ಓಪನ್ ಸ್ಪೇಸ್ ವಿಧಾನವನ್ನು ಅಮೆರಿಕದ ಹ್ಯಾರಿಸನ್ ಓವನ್ 1985ರಲ್ಲಿ ಶುರು ಮಾಡಿದರು. ಎಲ್ಲರೂ ದುಂಡಗೆ ಕೂರುತ್ತಾರೆ. ಗೋಡೆ ಖಾಲಿ. ಯಾರಿಗೆ ಯಾವ ವಿಷಯ ಮುಖ್ಯವೋ ಅವರೇ ಎದ್ದು ಹಾಳೆಯಲ್ಲಿ ಬರೆದು, ಓದಿ ಹೇಳಿ, ಜಾಗ ಮತ್ತು ಹೊತ್ತು ಗೊತ್ತುಮಾಡಿ ಗೋಡೆಗೆ ಅಂಟಿಸುತ್ತಾರೆ. ಒಂದೇ ಹೊತ್ತಿಗೆ ನಾಲ್ಕೈದು ಗುಂಪುಗಳು ಮಾತಾಡಬಹುದು. ಇಲ್ಲಿ ಕಲಿಯುವುದೂ ಇಲ್ಲ, ಕೊಡುವುದೂ ಇಲ್ಲ ಅನ್ನಿಸಿದರೆ ಎದ್ದು ಇನ್ನೊಂದು ಗುಂಪಿಗೆ ಹೋಗಬಹುದು. ಈ ಸ್ವಾತಂತ್ರ್ಯ ನನಗೆ ತುಂಬಾ ಇಷ್ಟ. ಆದರೆ ಅರ್ಧ ದಿನವಾದರೂ ಬೇಕು, ಜಾಗವೂ ಜಾಸ್ತಿ ಬೇಕು. ಪ್ರತಿ ಗುಂಪಿನಲ್ಲೂ ಒಬ್ಬರು ಬರೆದಿಟ್ಟುಕೊಳ್ಳದಿದ್ದರೆ ಮಾತೆಲ್ಲ ಗಾಳಿಗೆ ಹೋಗುತ್ತದೆ.

ಲೀನ್ ಕಾಫಿ 2009ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹುಟ್ಟಿದ್ದು. ಒಂದೇ ಮೇಜು, ಒಂದು ಗಂಟೆ ಸಾಕು. ಚೀಟಿಯಲ್ಲಿ ವಿಷಯ ಬರೆದು, ಚುಕ್ಕೆ ಇಟ್ಟು ಮತ ಹಾಕುತ್ತಾರೆ. ಜಾಸ್ತಿ ಮತ ಬಿದ್ದದ್ದು ಮೊದಲು. ಕೆಲವು ನಿಮಿಷವಾದ ಮೇಲೆ, ಮುಂದುವರಿಸೋಣವೇ ಎಂದು ಹೆಬ್ಬೆರಳನ್ನು ಮೇಲಕ್ಕೆ (ಹೌದು) ಅಥವಾ ಕೆಳಕ್ಕೆ (ಬೇಡ) ತೋರಿಸಿ ತೀರ್ಮಾನಿಸುತ್ತಾರೆ.

ಹತ್ತು ಜನರೊಳಗಿದ್ದರೆ ಲೀನ್ ಕಾಫಿ. ಮೂವತ್ತು ದಾಟಿದರೆ ಓಪನ್ ಸ್ಪೇಸ್ ಆರಿಸಿ. ಬಜೆಟ್‌ನಂತೆ ಅವತ್ತೇ ಮುಗಿಸಬೇಕಾದ ವಿಷಯವಿದ್ದರೆ ಅದನ್ನು ಮಾತ್ರ ಮೊದಲೇ ಬರೆದು ಎಲ್ಲರಿಗೂ ಕಳಿಸಿ.