ಸಮಬಲ ಮುರಿಯಲು ಯಾವ ದಾರಿ: ಕಾಲೇಜಿನದೋ, ಎನ್‌ಎಫ್‌ಎಲ್‌ನದೋ?

ಅಮೆರಿಕನ್ ಫುಟ್‌ಬಾಲ್ (ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ಕಾಲೇಜು ಮಟ್ಟದಲ್ಲಿ ಸಮವಾದರೆ ಗಡಿಯಾರ ಪಕ್ಕಕ್ಕೆ ಸರಿಯುತ್ತದೆ. ಎದುರಾಳಿಯ 25 ಗಜದ ಗೆರೆಯಿಂದ ಅಂಕ ಗಳಿಸಲು ಇಬ್ಬರಿಗೂ ಒಂದೊಂದು ಸರದಿ, ಅದೇ ಒಂದು ಸುತ್ತು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಲೀಗ್ ಹಂತದಲ್ಲಾದರೆ ಕಿಕ್‌ಆಫ್ ಸಹಿತ 10 ನಿಮಿಷದ ಆಟ. ಆಗಲೂ ಸಮವಾದರೆ ಡ್ರಾ.

ನ್ಯಾಯ ಮುಖ್ಯ ಎನ್ನುವವರು ಬಹುಕಾಲ ಕಾಲೇಜಿನ ಕಡೆಗೇ ವಾಲುತ್ತಿದ್ದರು, ಅಲ್ಲಿ ಇಬ್ಬರಿಗೂ ಸರದಿ ಖಚಿತ. 2025ರಿಂದ ಎನ್‌ಎಫ್‌ಎಲ್ ಲೀಗ್ ಪಂದ್ಯಗಳಲ್ಲೂ ಮೊದಲ ತಂಡ ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿಸಿ ಪಡೆವ ಅಂಕ) ಗಳಿಸಿದ ಮೇಲೂ ಎರಡನೆಯದಕ್ಕೆ ಚೆಂಡು ಸಿಗುತ್ತದೆ. ಆ ವಾದ ಈಗ ಸಪ್ಪೆ.

ರೋಚಕತೆಯ ಲೆಕ್ಕ ಬೇರೆ. 2018ರ ಕಾಲೇಜು ಪಂದ್ಯವೊಂದರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಏಳು ಹೆಚ್ಚುವರಿ ಸುತ್ತುಗಳಲ್ಲಿ ಎಲ್‌ಎಸ್‌ಯುವನ್ನು (ಲೂಸಿಯಾನಾ ಸ್ಟೇಟ್) 74–72ರಿಂದ ಮಣಿಸಿತು. ಆಟಗಾರರ ದೇಹ ಹಣ್ಣಾಗುವ ಪರಿ ಇದು. ಹಾಗಾಗಿ 2021ರಿಂದ ಕಾಲೇಜಿನಲ್ಲಿ ಮೂರನೆಯ ಸುತ್ತಿನಲ್ಲೇ ಎರಡು ಅಂಕದ ಒಂಟಿ ಯತ್ನಗಳು ಶುರು: ಗೆರೆಯ ಹತ್ತಿರದಿಂದ ಒಂದೊಂದೇ ಅವಕಾಶ. ಅದೇ ವರ್ಷ ಇಲಿನಾಯ್ ಪೆನ್ ಸ್ಟೇಟನ್ನು 20–18ರಿಂದ ಸೋಲಿಸಲು ಒಂಬತ್ತು ಸುತ್ತು ಬೇಕಾಯಿತು. ಯತ್ನದ ಮೇಲೆ ಯತ್ನ ಹುಸಿ! ಆಟಗಾರರ ಶ್ರಮವೇನೋ ಉಳಿಯಿತು, ಆದರೆ ಅದು ಫುಟ್‌ಬಾಲ್‌ಗಿಂತ ಪೆನಾಲ್ಟಿ ಶೂಟೌಟ್‌ಗೆ ಹತ್ತಿರ.

ಗೆದ್ದವರು ಯಾರೆಂದು ತಿಳಿದೇ ಮನೆಗೆ ಹೋಗಬೇಕೆನ್ನುವವರಿಗೆ ಕಾಲೇಜಿನದೇ ಸರಿ. ಕಿಕ್, ಪಂಟ್ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಡುವುದು), ಇಡೀ ಮೈದಾನ ಬೇಕೆಂದರೆ ಎನ್‌ಎಫ್‌ಎಲ್. ನನ್ನ ಮತ ಕಾಲೇಜಿನ ಮೊದಲ ಎರಡು ಸುತ್ತುಗಳಿಗೆ ಮಾತ್ರ.