ಹೆರಿಗೆ ಟೇಬಲ್ಲಿಗೊಂದು ಅಳತೆ ಚೀಲ: ಗೆರೆ ಹಾಕಿದ ರಕ್ತಸಂಗ್ರಹ ಡ್ರೇಪ್ ಹೇಗಿದೆ?

ಹೆರಿಗೆಯಾದ ಮೇಲೆ ಎಷ್ಟು ರಕ್ತ ಹೋಯಿತು ಎಂದರೆ ಕೇಸ್ ಶೀಟಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ 'ಸಾಧಾರಣ'. ಇಲ್ಲವೇ 200, 250 ಎಂಬ ದುಂಡು ಅಂಕಿ. ಬಟ್ಟೆ ಹೀರಿದ್ದು, ಪ್ಯಾಡಿಗೆ ಹೋದದ್ದು, ಟೇಬಲ್ಲಿನ ಅಂಚಿನಿಂದ ಬಕೆಟ್ಟಿಗೆ ಇಳಿದದ್ದು, ನೆಲಕ್ಕೆ ಚೆಲ್ಲಿದ್ದು ಎಲ್ಲವನ್ನೂ ಕಣ್ಣಂದಾಜಿನಲ್ಲಿ ಕೂಡಿಸಿ ಸರಿಯಾದ ಲೆಕ್ಕ ಹೇಳುವುದು ಎಷ್ಟೇ ಪಳಗಿದವರಿಗೂ ಆಗದ ಮಾತು. ಅದೂ ಸ್ರಾವ ಹೆಚ್ಚಿದ್ದಾಗಲೇ ಅಂದಾಜು ತೀರಾ ಕಡಿಮೆ ಬರುತ್ತದೆ. ಆ ಹೊತ್ತಿಗೆ ಕಡಿಮೆ ಬರೆದರೆ ತಾಯಿಯ ಪಾಲಿಗೆ ಔಷಧಿ ತಡವಾಯಿತು ಎಂದೇ ಅರ್ಥ. ತುಂಬು ಬಸಿರಿನಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಎಂಎಲ್ ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯದಿದ್ದರೆ ಕಾಯಲು ಹೊತ್ತೇ ಇರುವುದಿಲ್ಲ.

ಈ ಲೆಕ್ಕಕ್ಕೆಂದೇ ಬಂದಿರುವುದು ಗೆರೆ ಹಾಕಿದ ಡ್ರೇಪ್. ನೋಡಲು ಸಾದಾ ವಸ್ತು: ಸೊಂಟದ ಕೆಳಗೆ ಹಾಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಕಟ್ಟಿಕೊಳ್ಳಲು ಎರಡು ಪಟ್ಟಿ, ಕಾಲಿನ ಕಡೆಗೆ ಕಿರಿದಾಗುತ್ತ ಹೋಗುವ ಆಲಿಕೆಯಂಥ ಚೀಲ, ಚೀಲದ ಮೇಲೆ ಎಂಎಲ್ ಗೆರೆಗಳು. ಒಳ್ಳೆಯ ಮಾದರಿಗಳಲ್ಲಿ 300 ಎಂಎಲ್‌ಗೆ ಹಳದಿ ಗೆರೆ, 500ಕ್ಕೆ ಕೆಂಪು ಗೆರೆ ಇರುತ್ತದೆ. ಇದರ ಮೊದಲ ಮಾದರಿಗಳಲ್ಲಿ ಒಂದಾದ ಬ್ರಾಸ್-ವಿ ಡ್ರೇಪ್ ರೂಪುಗೊಂಡದ್ದು ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ಸಂಶೋಧಕರೂ ಸೇರಿ ನಡೆಸಿದ, ಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯ ಅಧ್ಯಯನಕ್ಕಾಗಿ. 1,620 ಹೆರಿಗೆಗಳ ಆ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅದೇ ತಂಡದವರು ಕಣ್ಣಂದಾಜನ್ನೂ ಡ್ರೇಪನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದಾಗ ಅಂದಾಜು ಸುಮಾರು 33% ಕಡಿಮೆ ಬಂದಿತ್ತು.

ಅಳತೆಯ ಮಟ್ಟಿಗೆ ಚೀಲಕ್ಕೆ ಪೂರ್ತಿ ಅಂಕ ಕೊಡಬಹುದು. ಆದರೆ ಕೊಳ್ಳುವ ಮೊದಲು ಎರಡು ಅಧ್ಯಯನಗಳನ್ನು ಒಟ್ಟಿಗೆ ಓದಬೇಕು. 2010ರಲ್ಲಿ ಪ್ರಕಟವಾದ ಯುಫ್ರೇಟಿಸ್ ಅಧ್ಯಯನ ಯುರೋಪಿನ 13 ದೇಶಗಳ 78 ಹೆರಿಗೆ ಘಟಕಗಳಲ್ಲಿ ನಡೆಯಿತು. ಅರ್ಧ ಘಟಕಗಳಿಗೆ ಚೀಲ, ಉಳಿದವಕ್ಕೆ ಕಣ್ಣಂದಾಜು. ತೀವ್ರ ರಕ್ತಸ್ರಾವ ಚೀಲವಿದ್ದ ಕಡೆ 1.71%, ಇಲ್ಲದ ಕಡೆ 2.06%; ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದು ವ್ಯತ್ಯಾಸವೇ ಅಲ್ಲ. 2023ರ ಇ-ಮೋಟಿವ್ ಅಧ್ಯಯನ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, 2,10,132 ಸಹಜ ಹೆರಿಗೆಗಳಲ್ಲಿ ನಡೆಯಿತು. ಇಲ್ಲಿ ಒಂದು ಗುಂಪಿನ ಆಸ್ಪತ್ರೆಗಳಿಗೆ ಚೀಲದ ಜೊತೆಗೆ, ಗೆರೆ ಮುಟ್ಟಿದ ಕೂಡಲೇ ಮಾಡಬೇಕಾದ ಚಿಕಿತ್ಸೆಯ ಇಡೀ ಕಟ್ಟನ್ನು ಕಲಿಸಿ ಕೈಗಿಟ್ಟಿದ್ದರು. ತೀವ್ರ ಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ, ಅದರಿಂದಾದ ಸಾವು ಇವೆಲ್ಲ ಸೇರಿ ಮಾಮೂಲಿ ಆರೈಕೆಯ ಆಸ್ಪತ್ರೆಗಳಲ್ಲಿ 4.3%, ಈ ಗುಂಪಿನಲ್ಲಿ 1.6%. ಸ್ರಾವವನ್ನು ಗುರುತಿಸಿದ ಪ್ರಮಾಣ ಮಾಮೂಲಿ ಆರೈಕೆಯಲ್ಲಿ 51.1%, ಇಲ್ಲಿ 93.1%. ಚಿಕಿತ್ಸೆಯ ಕಟ್ಟು ಪೂರ್ತಿ ಸಿಕ್ಕಿದ್ದು ಅಲ್ಲಿ 19.4%, ಇಲ್ಲಿ 91.2%. ಎರಡೂ ಅಧ್ಯಯನಗಳು ಕೊಟ್ಟದ್ದು ಅಳೆಯುವ ಪ್ಲಾಸ್ಟಿಕ್ ಚೀಲವನ್ನೇ. ವ್ಯತ್ಯಾಸ ತಂದದ್ದು ಗೆರೆ ಕಂಡ ಕೂಡಲೇ ಕೆಲಸಕ್ಕಿಳಿದ ಕೈ.

ಆದ್ದರಿಂದ ಚೀಲ ತರಿಸಿ, ಔಷಧಿ ಬೀಗದ ಕಪಾಟಿನಲ್ಲೇ ಉಳಿದರೆ ಕೊಂಡದ್ದು ದಂಡ. ಚೀಲ ಹಾಸುವ ಮೊದಲೇ ಟ್ರೇ ಸಿದ್ಧವಿರಬೇಕು: ಗರ್ಭಕೋಶ ಬಿಗಿಯುವಂತೆ ಮಾಡುವ ಆಕ್ಸಿಟೋಸಿನ್, ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, ಸಲೈನ್, ಡ್ರಿಪ್ ಸೆಟ್, ನರಕ್ಕೆ ಹಾಕುವ ದಪ್ಪ ಕ್ಯಾನುಲಾ, ಮೂತ್ರ ತೆಗೆಯುವ ಕ್ಯಾಥೆಟರ್. ಗೆರೆ ಮುಟ್ಟಿದಾಗ ಗರ್ಭಕೋಶವನ್ನು ಒಂದು ನಿಮಿಷ ಅಥವಾ ಅದು ಬಿಗಿಯುವವರೆಗೆ ತಿಕ್ಕಬೇಕು, ಆಕ್ಸಿಟೋಸಿನ್ ಕೊಡಬೇಕು, ಟ್ರಾನೆಕ್ಸಾಮಿಕ್ ಆಸಿಡ್ಡನ್ನು 10 ನಿಮಿಷ ಹಿಡಿಸಿ ನರಕ್ಕೆ ಹರಿಸಬೇಕು, ಡ್ರಿಪ್ ಹಚ್ಚಬೇಕು, ಮೂತ್ರಕೋಶ ಖಾಲಿ ಮಾಡಿ, ಹೆಪ್ಪು ತೆಗೆದು, ಮಾಸು ಪೂರ್ತಿ ಬಂದಿದೆಯೇ, ಒಳಗೆ ಹರಿದಿದೆಯೇ ಎಂದು ನೋಡಬೇಕು, ಸ್ರಾವ ನಿಲ್ಲದಿದ್ದರೆ ಹಿರಿಯ ವೈದ್ಯರನ್ನು ಕರೆಯಬೇಕು. ಒಂದು ಮುಗಿದ ಮೇಲೆ ಇನ್ನೊಂದು ಎಂದು ಕಾಯುತ್ತ ಕೂರುವಂತಿಲ್ಲ. ಟ್ರಾನೆಕ್ಸಾಮಿಕ್ ಆಸಿಡ್ 15 ನಿಮಿಷ ತಡವಾದರೆ ಅದರ ಪ್ರಯೋಜನ ಸುಮಾರು 10% ಕುಗ್ಗುತ್ತದೆ, ಮೂರು ಗಂಟೆ ದಾಟಿದರೆ ಉಪಯೋಗವೇ ಕಾಣುವುದಿಲ್ಲ.

ಹಳದಿ ಗೆರೆಯ ಬೆಲೆ ತಿಳಿಯದೆ ಬರೀ ಕೆಂಪು ಗೆರೆಗೆ ಕಾಯುವುದು ಹೊಸದಾಗಿ ಬಳಸುವವರು ಮಾಡುವ ದೊಡ್ಡ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ 2025ರ ಮಾರ್ಗಸೂಚಿ 300 ಎಂಎಲ್ ಆದಾಗ ಪಲ್ಸ್ 100 ದಾಟಿದ್ದರೆ, ಮೇಲಿನ ಬಿಪಿ 100ಕ್ಕಿಂತ ಕೆಳಗೆ ಅಥವಾ ಕೆಳಗಿನದು 60ಕ್ಕಿಂತ ಕೆಳಗೆ ಬಂದಿದ್ದರೆ, ಇಲ್ಲವೇ ಪಲ್ಸ್ ಅಂಕಿ ಮೇಲಿನ ಬಿಪಿ ಅಂಕಿಯನ್ನು ಮೀರಿದ್ದರೆ ಅಲ್ಲೇ ಚಿಕಿತ್ಸೆ ಶುರುಮಾಡಲು ಹೇಳುತ್ತದೆ. ಏನೂ ಏರುಪೇರಿಲ್ಲದಿದ್ದರೂ 500 ಮುಟ್ಟಿದರೆ ಶುರುಮಾಡಲೇಬೇಕು. ಮೊದಲೇ ರಕ್ತಹೀನತೆ ಇರುವ ತಾಯಿಗೆ 300 ಎಂಎಲ್ ಕೂಡ ಸಣ್ಣ ನಷ್ಟವಲ್ಲ.

ಬಳಕೆಯಲ್ಲಿ ಎಡವುವುದು ಸಣ್ಣ ಸಣ್ಣ ಕಡೆ. ಮಗು ಹುಟ್ಟುವ ಮೊದಲೇ ಹಾಸಿದರೆ ಗರ್ಭದ ನೀರು ಚೀಲಕ್ಕೆ ಇಳಿದು ಅಳತೆ ಹುಸಿಯಾಗುತ್ತದೆ. ಮಗು ಹೊರಬಂದು ನೀರು ಹರಿದು ಹೋದ ಕೂಡಲೇ, ಮಾಸು ಬೀಳುವ ಮೊದಲು, ತಾಯಿ ಸೊಂಟ ಸ್ವಲ್ಪ ಎತ್ತಿದಾಗ ಒಳಸರಿಸುವುದು ಸರಿಯಾದ ಹೊತ್ತು. ಹಾಸಿಗೆಯ ತಲೆಭಾಗ ತುಸು ಎತ್ತರಿಸಿದರೆ ರಕ್ತ ಬೆನ್ನಿನ ಕಡೆಗೆ ಹರಿಯದೆ ಚೀಲಕ್ಕೆ ಬರುತ್ತದೆ. ಆಲಿಕೆಯ ಬಾಯಿಯ ಮಡಿಕೆಯನ್ನು ಬೆರಳಿನಿಂದ ಬಿಡಿಸಿಡಿ. ಹೊಸ ಚೀಲದ ಎರಡು ಪದರ ಅಂಟಿಕೊಂಡಿರುತ್ತವೆ. ಬಿಡಿಸದಿದ್ದರೆ ಮೇಲೆ ತಟ್ಟೆಯಂತೆ ರಕ್ತ ನಿಂತು, ಕೆಳಗೆ ಗೆರೆಗಳ ಜಾಗ ಒಣಗಿಯೇ ಇರುತ್ತದೆ. ದೂರದಿಂದ ನೋಡಿದವರು 'ಏನೂ ಇಲ್ಲ' ಅಂದುಕೊಳ್ಳುತ್ತಾರೆ. ಚೀಲ ಅಂಚಿನಿಂದ ಕೆಳಗೆ ನೇತಾಡಬೇಕು. ಹಾಸಿಗೆಯ ಮೇಲೆ ಚಪ್ಪಟೆಯಾಗಿ ಬಿದ್ದಿದ್ದರೆ ಮಟ್ಟವನ್ನು ನಂಬಬೇಡಿ. ಓದುವಾಗ ಬಗ್ಗಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತನ್ನಿ.

ರಕ್ತ ಒರೆಸುವ ಗಾಜ್ ಬಟ್ಟೆಯ ತುಂಡುಗಳನ್ನೂ ಮಾಸನ್ನೂ ಚೀಲಕ್ಕೆ ಹಾಕಬಾರದು, ಮಟ್ಟ ಸುಳ್ಳೇ ಏರುತ್ತದೆ. ಆದರೆ ಹೆಪ್ಪುಗಟ್ಟಿದ ರಕ್ತವೂ ಲೆಕ್ಕಕ್ಕೆ ಸೇರಬೇಕು. ಹೊಲಿಗೆ ಹಾಕುವಾಗ ಹೋಗುವ ರಕ್ತವೂ ತಾಯಿಯದೇ, ಅದನ್ನು ಬೇರೆ ಬಟ್ಟೆಗೆ ಒರೆಸಿ ಮರೆಯುವಂತಿಲ್ಲ. ಸಂಶಯ ಬಂದರೆ ತಕ್ಕಡಿ ಇದೆ. ಖಾಲಿ ಚೀಲ 60 ಗ್ರಾಂ, ತುಂಬಿದ್ದು 590 ಗ್ರಾಂ ಎಂದಿಟ್ಟುಕೊಳ್ಳಿ; ಉಳಿದದ್ದು 530 ಗ್ರಾಂ. ರಕ್ತ ಎಂಎಲ್‌ಗೆ ಸುಮಾರು 1.06 ಗ್ರಾಂ ತೂಗುವುದರಿಂದ ಅದು 500 ಎಂಎಲ್. ಒದ್ದೆ ಗಾಜ್ ಬಟ್ಟೆಗೂ ಇದೇ ದಾರಿ: ಒಣ ತೂಕ ಕಳೆಯಿರಿ. ಆದರೆ ತೂಗುತ್ತ ಕೂತು ಚಿಕಿತ್ಸೆ ತಡ ಮಾಡಬೇಡಿ.

ಹೊಸ ಬ್ಯಾಚ್ ಬಂದಾಗ ಒಂದು ಚೀಲವನ್ನು ಪರೀಕ್ಷೆಗೆಂದೇ ತೆಗೆದಿಡಿ. ಅಳತೆಯ ಜಾಡಿಯಿಂದ 300 ಎಂಎಲ್ ನೀರು ಹೊಯ್ದು ಹಳದಿ ಗೆರೆ ನೋಡಿ, ಇನ್ನೊಂದು 200 ಹೊಯ್ದು ಕೆಂಪು ಗೆರೆ ನೋಡಿ. ಆಮೇಲೆ ಒದ್ದೆ ಕೈಗವಸಿನಿಂದ ಗೆರೆಗಳನ್ನು ಉಜ್ಜಿ. ಮಾಸಿದರೆ ಆ ಸರಕು ವಾಪಸ್. ಅರೆಪಾರದರ್ಶಕ ಹಾಳೆ, 100 ಎಂಎಲ್‌ಗಿಂತ ಹೆಚ್ಚು ಅಂತರದ ಗೆರೆ, ಬಣ್ಣದ ಗುರುತೇ ಇಲ್ಲದ ಚೀಲ ಬೇಡ. ರಾತ್ರಿ ಪಾಳಿಯ ಮಂದ ಬೆಳಕಿನಲ್ಲಿ ಅವು ಕೈಕೊಡುತ್ತವೆ.

ತಾಯಿಯ ಕಡೆಯಿಂದ ನೋಡಿದರೆ ಪ್ಲಾಸ್ಟಿಕ್ ತಣ್ಣಗೆ, ಅಂಟಂಟು. ಏಕೆ ಹಾಸುತ್ತಿದ್ದೇವೆ ಎಂದು ಮೊದಲೇ ಹೇಳಿದರೆ ಹೆಚ್ಚಿನವರು ಸಹಿಸಿಕೊಳ್ಳುತ್ತಾರೆ. ಮಗುವನ್ನು ಎದೆಗವಚಿಕೊಳ್ಳಲು, ಹಾಲೂಡಿಸಲು ಅಡ್ಡಿಯಿಲ್ಲ. ಮೈಮೇಲೆ ಹೊದಿಕೆ ಇರಲಿ, ಚೀಲ ಮಾತ್ರ ಹೊದಿಕೆಯಡಿ ಸೇರಬಾರದು. ಮೊದಲ ಒಂದು ಗಂಟೆಯವರೆಗೆ ಪ್ರತಿ 15 ನಿಮಿಷಕ್ಕೊಮ್ಮೆ ಚೀಲ, ಗರ್ಭಕೋಶದ ಬಿಗಿ, ಪಲ್ಸ್, ಬಿಪಿ ನೋಡಬೇಕು. ಸ್ರಾವ ನಿಂತಿರದಿದ್ದರೆ ಚೀಲವನ್ನು ತೆಗೆಯದೆ ಇನ್ನೊಂದು ಗಂಟೆ ಹಾಗೇ ಇಡಬೇಕು.

ಚೀಲಕ್ಕೆ ಕಾಣದ ಸ್ರಾವವೂ ಉಂಟು. ಯೋನಿಯ ಗೋಡೆಯೊಳಗೆ ಗಡ್ಡೆಯಾಗಿ ನಿಂತ ರಕ್ತ, ಹೊಟ್ಟೆಯೊಳಗೆ ಹೋಗುವ ರಕ್ತ ಕೆಳಗಿಳಿಯುವುದೇ ಇಲ್ಲ. 150 ಎಂಎಲ್ ತೋರಿಸುತ್ತಿದ್ದರೂ ತಾಯಿ ಬಿಳುಚಿಕೊಂಡು, ಪಲ್ಸ್ ಓಡುತ್ತ, ತಡೆಯಲಾರದ ಒತ್ತುನೋವು ಎನ್ನುತ್ತಿದ್ದರೆ ಚೀಲ ಬಿಟ್ಟು ಅವಳ ಮಾತು ನಂಬಿ. ಸಿಸೇರಿಯನ್ನಿಗೆ ಈ ಡ್ರೇಪ್ ಹೊಂದುವುದಿಲ್ಲ. ಅಲ್ಲಿ ಸಕ್ಷನ್ ಬಾಟಲಿಯಲ್ಲಿ ಗರ್ಭದ ನೀರು ಬೆರೆತಿರುತ್ತದೆ, ಆದ್ದರಿಂದ ಮಗು ತೆಗೆದ ಕೂಡಲೇ ಬಾಟಲಿಯ ಮಟ್ಟ ಗುರುತು ಹಾಕಿಕೊಂಡು ಅದನ್ನು ಕಡೆಯ ಅಳತೆಯಿಂದ ಕಳೆಯಬೇಕು, ಗಾಜ್ ಬಟ್ಟೆಯನ್ನು ತೂಗಬೇಕು. ಶಸ್ತ್ರಚಿಕಿತ್ಸೆ ಮುಗಿದು ಹೊದಿಕೆ ತೆಗೆಯುವ ಮೊದಲು ಕಾಲುಗಳ ನಡುವೆ ಎಷ್ಟು ಹೋಗಿದೆ ಎಂದು ನೋಡಿ ಅದನ್ನೂ ಕೂಡಿಸಬೇಕು, ಏಕೆಂದರೆ ಮೇಲೆ ಹೊಲಿಗೆ ಹಾಕುತ್ತಿದ್ದವರಿಗೆ ಅದು ಕಾಣಿಸಿರುವುದಿಲ್ಲ.