ಜಿಮ್ ನೆಲಕ್ಕೆ ರೋಲು, ಟೈಲು, ಕೌ ಮ್ಯಾಟ್: ಹಾಸಿ ನೋಡಿದ ಲೆಕ್ಕ

ಜಿಮ್‌ಗೆ ರಬ್ಬರ್ ನೆಲ ಹಾಸಲು ಹೊರಟವರು ಅಂಗಡಿಯಲ್ಲಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ದಪ್ಪ, ಚದರ ಅಡಿಗೆ ಎಷ್ಟು ರೂಪಾಯಿ. ಶಿವಮೊಗ್ಗದಂಥ ಮಳೆಯ ಊರಿನಲ್ಲಿ ಇವೆರಡಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಹಾಸಿದ ಮೇಲೆ ಅದನ್ನು ಎತ್ತಿ ಅಡಿಯಲ್ಲಿ ಏನಾಗಿದೆ ಎಂದು ನೋಡಲು ಬರುತ್ತದೆಯೇ? ರಬ್ಬರ್ ಅಷ್ಟು ಬೇಗ ಸವೆಯುವುದಿಲ್ಲ. ಅದರ ಅಡಿಯಲ್ಲಿ ನಿಂತ ತೇವವೇ ನೆಲವನ್ನೂ ಅಂಟನ್ನೂ ಕೋಣೆಯ ಗಾಳಿಯನ್ನೂ ಕೆಡಿಸುತ್ತದೆ.

ನನ್ನ ಜಿಮ್ ಇರುವುದು ಬಾಡಿಗೆಯ ಹಳೆಯ ಕಟ್ಟಡದ ನೆಲಮಹಡಿಯಲ್ಲಿ. ಮುಂದಿನ ಎರಡು ಕೋಣೆಗಳಿಗೆ ರೆಡ್ ಆಕ್ಸೈಡ್ ನೆಲ, ಹಿಂದಿನ ಹಾಲ್‌ಗೆ ಒರಟು ಸಿಮೆಂಟು ನೆಲ. ಗೋಡೆಯಿಂದ ಗೋಡೆಗೆ ಒಂದೇ ಬಗೆಯದನ್ನು ಹಾಸುವ ಬದಲು ನಾಲ್ಕು ಬಗೆಗಳನ್ನು ಬೇರೆ ಬೇರೆ ಜಾಗದಲ್ಲಿ ಹಾಸಿ, ಮಳೆಗಾಲವನ್ನೂ ಬೇಸಿಗೆಯನ್ನೂ ದಾಟಿಸಿ ನೋಡಿದ್ದೇನೆ: ಇವಿಎ ಫೋಮ್, 8 ಮಿ.ಮೀ. ರಬ್ಬರ್ ರೋಲು, 20 ಮಿ.ಮೀ. ರಬ್ಬರ್ ಟೈಲು ಮತ್ತು ಹೈನುಗಾರರು ಕೊಟ್ಟಿಗೆಗೆ ಹಾಸುವ ಕೌ ಮ್ಯಾಟ್.

ಫೋಮ್ ವಿಷಯವನ್ನು ಬೇಗ ಮುಗಿಸುತ್ತೇನೆ. ಮಕ್ಕಳ ಕೋಣೆಯಲ್ಲಿ ಕಾಣುವ, ಹಲ್ಲಿಗೆ ಹಲ್ಲು ಕೂಡಿಸುವ ಬಣ್ಣದ ಚೌಕಗಳೇ ಇವು. ರಬ್ಬರ್ ಅಲ್ಲದಿದ್ದರೂ ಅಂಗಡಿಯವರು ಜಿಮ್ ಮ್ಯಾಟ್ ಎಂದೇ ಮಾರುತ್ತಾರೆ. ಬೆಲೆ ಕಡಿಮೆ, ತೂಕ ಇಲ್ಲವೇ ಇಲ್ಲ, ಬೆನ್ನಿಗೆ ಹಿತ. ಆದರೆ ಬೆಂಚಿನ ಕಾಲು ಊರಿದ ಕಡೆ ಬಿದ್ದ ತಗ್ಗು ಮತ್ತೆ ಮೇಲೇಳುವುದಿಲ್ಲ. ಭುಜದ ಮೇಲೆ ಬಾರ್ ಹೊತ್ತು ಅದರ ಮೇಲೆ ನಿಂತರೆ ಪಾದ ಒಳಕ್ಕೆ ಒಂದಿಷ್ಟು ಜಗ್ಗುತ್ತದೆ, ಕಣಕಾಲು ಅದುರುತ್ತದೆ. ಮೈ ಸಡಿಲಿಸುವ ಮೂಲೆಗೆ, ಯೋಗಕ್ಕೆ ಮಾತ್ರ ಅದು ಸರಿ.

ಮಾರುಕಟ್ಟೆಯಲ್ಲಿ ಹೆಚ್ಚು ಓಡುವುದು ರೋಲು. ಹಳೆಯ ಟೈರುಗಳನ್ನು ಪುಡಿ ಮಾಡಿ, ಆ ಕಣಗಳನ್ನು ಪಾಲಿಯುರೆಥೇನ್ ಅಂಟಿನಲ್ಲಿ ಕಲಸಿ, ಒತ್ತಿ, ಹಾಳೆಯಾಗಿ ಸೀಳಿ ಸುತ್ತಿರುತ್ತಾರೆ. ನಡುವೆ ಕಾಣುವ ನೀಲಿ, ಬೂದು ಚುಕ್ಕೆಗಳು ಇಪಿಡಿಎಂ ಎಂಬ ಬೇರೆ ರಬ್ಬರಿನ ಕಣಗಳು. ಚುಕ್ಕೆ ಬರಿಯ ಅಲಂಕಾರವಲ್ಲ. ಅಚ್ಚ ಕಪ್ಪು ನೆಲದ ಮೇಲೆ ನಮ್ಮ ಕೆಂಪು ಧೂಳಿನ ಹೆಜ್ಜೆಗಳು ಎದ್ದು ಕಾಣುತ್ತವೆ, ಚುಕ್ಕೆಯ ನೆಲ ಅವನ್ನು ನುಂಗಿಕೊಳ್ಳುತ್ತದೆ. ಕೊಳ್ಳುವಾಗ ದಪ್ಪಕ್ಕಿಂತ ತೂಕ ಕೇಳಿ. 8 ಮಿ.ಮೀ. ಹಾಳೆ ಚದರ ಮೀಟರಿಗೆ ಏಳೂವರೆ ಕಿಲೋ ಆಸುಪಾಸು ಇರಬೇಕು. ತೀರಾ ಹಗುರವೆಂದರೆ ಕಣಗಳ ನಡುವೆ ಗಾಳಿಯೇ ಹೆಚ್ಚು. ತುಂಡಿನ ಕತ್ತರಿಸಿದ ಅಂಚನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು ನೋಡುವುದು ಇನ್ನೂ ಸುಲಭದ ಪರೀಕ್ಷೆ. ನಾಲ್ಕೈದು ಸಲ ಕೆರೆಯುವುದರೊಳಗೆ ಕಪ್ಪು ಕಾಳು ಉದುರತೊಡಗಿದರೆ ಬೇರೆ ಅಂಗಡಿ ನೋಡಿ.

ರೋಲಿನ ದೊಡ್ಡ ಗುಣವೆಂದರೆ ಸಂದುಗಳು ಕಡಿಮೆ. ನಾಲ್ಕಡಿ ಅಗಲದ ಹಾಳೆ ಕೋಣೆಯ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಹೋಗುತ್ತದೆ, ಗುಡಿಸುವವರಿಗೂ ಒರೆಸುವವರಿಗೂ ಸಲೀಸು. ಟ್ರೆಡ್‌ಮಿಲ್, ಕೇಬಲ್ ಯಂತ್ರ, ಡಂಬೆಲ್ ಸ್ಟ್ಯಾಂಡ್ ಇರುವಲ್ಲಿ ಇದಕ್ಕೆ ಸಾಟಿಯಿಲ್ಲ. ಹಾಸುವ ಕೆಲಸ ಮಾತ್ರ ತಾಳ್ಮೆ ಬೇಡುತ್ತದೆ. ಹತ್ತು ಮೀಟರ್ ಸುರುಳಿ ತೊಂಬತ್ತು ಕಿಲೋ ತೂಗುತ್ತದೆ, ಇಬ್ಬರಿಂದ ಆಗುವ ಕೆಲಸವಲ್ಲ. ತಂದ ಕೂಡಲೇ ಬಿಡಿಸಿ, ಕನಿಷ್ಠ ಒಂದು ದಿನ ನೆಲದ ಮೇಲೆ ಹಾಗೆಯೇ ಬಿಡಬೇಕು, ಸುರುಳಿಯ ಬಿಗಿ ಬಿಡುವುದಕ್ಕೆ. ಗೋಡೆಯ ಬದಿಯಲ್ಲಿ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಜಾಗ ಬಿಡಲೇಬೇಕು. ಜನವರಿಯ ತಂಪಿನಲ್ಲಿ ಗೋಡೆಗೆ ಒತ್ತಿ ಕೂರಿಸಿದ ಹಾಳೆ ಏಪ್ರಿಲ್ ಬಿಸಿಲಿಗೆ ಹಿಗ್ಗಿ ನಡುವೆ ಉಬ್ಬೇಳುತ್ತದೆ.

ಅಂಟಿಸಬೇಕೇ ಬೇಡವೇ? ದೊಡ್ಡ ಊರಿನ ಗುತ್ತಿಗೆದಾರರು ಅಂಟಿಸದಿದ್ದರೆ ಕೆಲಸವೇ ಅಲ್ಲ ಎನ್ನುತ್ತಾರೆ. ಸ್ವಂತ ಕಟ್ಟಡ, ಒಣಗಿದ ಸಿಮೆಂಟು ನೆಲ, ಮೇಲೆ ಸ್ಲೆಡ್ (ತೂಕ ಹೇರಿ ನೆಲದ ಮೇಲೆ ಎಳೆಯುವ ಚೌಕಟ್ಟು) ಎಳೆದಾಟ ಇದ್ದರೆ ಅವರ ಮಾತು ನಿಜ. ಆಗಲೂ ಮೊದಲು ನೆಲದ ತೇವ ನೋಡಬೇಕು. ಒಂದೂವರೆ ಅಡಿ ಚೌಕದ ದಪ್ಪ ಪಾಲಿಥೀನ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಬದಿ ಟೇಪಿನಿಂದ ಮುಚ್ಚಿ ಸಂಜೆಯಿಂದ ಬೆಳಗಿನವರೆಗೆ ಬಿಡಿ. ಒಳಗೆ ಹನಿ ಕಟ್ಟಿದ್ದರೆ, ಇಲ್ಲವೇ ಅಡಿಯ ಸಿಮೆಂಟು ಕಪ್ಪಾಗಿದ್ದರೆ, ಅಂಟಿನ ಡಬ್ಬ ತೆರೆಯಬೇಡಿ. ಹೊಸ ಕಾಂಕ್ರೀಟಿಗೆ ಪ್ರತಿ ಇಂಚು ದಪ್ಪಕ್ಕೆ ಒಂದು ತಿಂಗಳು ಒಣಗುವ ಸಮಯ ಎಂಬುದು ಕಟ್ಟಡದವರ ಲೆಕ್ಕ. ರೆಡ್ ಆಕ್ಸೈಡ್ ನೆಲದ ಕತೆ ಬೇರೆ. ವರ್ಷಗಟ್ಟಲೆ ಉಜ್ಜಿ ನುಣುಪಾದ ಆ ಮೈಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಹಿಡಿಯಬೇಕಾದರೆ ಅದನ್ನು ಉಜ್ಜಿ ಒರಟು ಮಾಡಬೇಕು, ಅದಕ್ಕೆ ಯಾವ ಮನೆ ಮಾಲೀಕರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ನಾನು ಅಲ್ಲಿ ಸಂದುಗಳ ಅಡಿಗೆ, ಬಾಗಿಲ ಬಳಿ ಮಾತ್ರ ಎರಡು ಬದಿ ಅಂಟುವ ಟೇಪು ಹಾಕಿದೆ. ಉಳಿದದ್ದನ್ನು ಹಾಳೆಯ ತೂಕವೇ ಹಿಡಿದಿದೆ. ಆಗಸ್ಟ್‌ನಲ್ಲಿ ಒಂದು ಬದಿಯಿಂದ ಮಡಚಿ ಎತ್ತಿ, ಫ್ಯಾನ್ ಹಾಕಿ ಒಣಗಿಸುತ್ತೇವೆ. ಗರಡಿ ಮನೆಗಳಲ್ಲಿ ಮಟ್ಟಿಯ ಮಣ್ಣನ್ನು ಅಗೆದು ಮಗುಚಿದ ಮೇಲೆಯೇ ಅಭ್ಯಾಸಕ್ಕೆ ಇಳಿಯುತ್ತಿದ್ದ ಹಿರಿಯರಿಗೆ ಈ ಸೂತ್ರ ಯಾರೂ ಹೇಳಿಕೊಡಬೇಕಿರಲಿಲ್ಲ.

ಹಾಸಿದ್ದನ್ನು ಎತ್ತಿ ನೋಡುವ ಈ ವಿಷಯದಲ್ಲೇ ಟೈಲಿನ ಪಕ್ಷಪಾತಿಗಳು ಗೆಲ್ಲುತ್ತಾರೆ. ಅರ್ಧ ಮೀಟರ್ ಚೌಕದ 20 ಮಿ.ಮೀ. ಟೈಲು ಐದು ಕಿಲೋ ತೂಗುತ್ತದೆ, ಒಬ್ಬರೇ ತೆಗೆದು ಒಬ್ಬರೇ ಕೂರಿಸಬಹುದು. ಒಂದು ಹರಿದರೆ ಒಂದನ್ನೇ ಬದಲಿಸಿದರಾಯಿತು. ಆದರೆ ಸಂದು ಎಷ್ಟು! ಪ್ರತಿ ಅರ್ಧ ಮೀಟರಿಗೊಂದು ಗೆರೆ, ಪ್ರತಿ ಗೆರೆಯಲ್ಲೂ ಧೂಳು, ಕೂದಲು, ಬೆವರು. ಒದ್ದೆ ಬಟ್ಟೆ ಓಡಿಸಿದಾಗಲೆಲ್ಲ ನೀರು ಆ ಗೆರೆಗಳಿಂದ ಕೆಳಗಿಳಿಯುತ್ತದೆ. ಜುಲೈನಲ್ಲಿ ಒಂದು ಟೈಲು ಎತ್ತಿದರೆ ಅಡಿಯ ನೆಲದ ಮೇಲೆ ಚೌಕದ ಅಂಚಿಗೆ ಸರಿಯಾಗಿ ಬಿಳಿ ಬೂಷ್ಟಿನ ಚೌಕಟ್ಟು, ನಡುವೆ ಒಣನೆಲ. ತೇವ ಬಂದದ್ದು ಕೆಳಗಿನಿಂದಲ್ಲ, ನಾವೇ ಮೇಲಿನಿಂದ ಸುರಿದದ್ದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಪಶ್ಚಿಮದ ಕಿಟಕಿಯ ಬಿಸಿಲು ಬೀಳುವ ಸಾಲಿನಲ್ಲಿ ಟೈಲುಗಳ ಮೂಲೆಗಳು ಮೇಲಕ್ಕೆ ಮುರುಟಿಕೊಂಡವು. ಟೈರಿನ ರಬ್ಬರಿಗೆ ಬಿಸಿಲು ಆಗದು, ಕಿಟಕಿಗೆ ಪರದೆ ಅಗತ್ಯ.

ಇನ್ನು ಕೌ ಮ್ಯಾಟ್. ಹಸುಗಳ ಮೊಣಕಾಲು ತರಚದಿರಲಿ, ಕಾಲು ಜಾರದಿರಲಿ ಎಂದು ಮಾಡಿದ್ದು. ಆರೂವರೆ ಅಡಿ ಉದ್ದ, ನಾಲ್ಕಡಿ ಅಗಲದ ಹಾಳೆ ಸಾಮಾನ್ಯ. ಕಣ ಅಂಟಿಸಿದ್ದಲ್ಲ, ಅಚ್ಚಿನಲ್ಲಿ ಬೇಯಿಸಿ ಒತ್ತಿದ ಗಟ್ಟಿ ರಬ್ಬರ್, ಹಾಗಾಗಿ ಕಾಳು ಉದುರುವ ಮಾತೇ ಇಲ್ಲ. ಪಶು ಆಹಾರ ಮಾರುವ ಅಂಗಡಿಯಲ್ಲಿ ಆರು ಮ್ಯಾಟ್ ಕೇಳಿದಾಗ ಯಜಮಾನರು ಕನ್ನಡಕದ ಮೇಲಿನಿಂದ ನೋಡಿ, “ಎಷ್ಟು ಹಸು ಕಟ್ಟಿದ್ದೀರಿ ಸ್ವಾಮಿ?” ಎಂದರು. “ಹಸು ಇಲ್ಲ ಯಜಮಾನರೇ, ಕಬ್ಬಿಣ ಎತ್ತಿ ಹಾಕುವ ಹುಡುಗರಿದ್ದಾರೆ” ಎಂದೆ. “ಹಾಗಾದರೆ ಇನ್ನೂ ದಪ್ಪದ್ದೇ ಬೇಕು” ಎಂದು ಒಳಗಿನಿಂದ ಬೇರೆ ಕಟ್ಟು ತರಿಸಿದರು. ಅವರ ಅಂದಾಜು ತಪ್ಪಿರಲಿಲ್ಲ.

ಒಂದೊಂದು ಮ್ಯಾಟ್ ನಲವತ್ತು ಕಿಲೋ ದಾಟುತ್ತದೆ. ಹಾಕಿದಲ್ಲಿಂದ ಅಲುಗುವುದಿಲ್ಲ. ಅಡಿಯಲ್ಲಿ ಗಂಜಲ ಹರಿದುಹೋಗಲೆಂದು ಬಿಟ್ಟ ಗೀರುಗಳಿವೆ, ಮಳೆಗಾಲದಲ್ಲಿ ಅವೇ ಗಾಳಿಯ ದಾರಿಯಾಗುತ್ತವೆ. ನಾಲ್ಕರಲ್ಲಿ ಬೂಷ್ಟು ಕಡಿಮೆ ಕಂಡದ್ದು ಇದರ ಅಡಿಯಲ್ಲೇ. ಕೊರತೆಗಳೂ ಇವೆ. ಅಂಚುಗಳು ಮೂಲೆಮಟ್ಟಕ್ಕೆ ಸರಿಯಿರುವುದಿಲ್ಲ, ಎರಡನ್ನು ಜೋಡಿಸಿದರೆ ನಡುವೆ ಬೆರಳು ತೂರುವ ಸಂದು ಉಳಿಯುತ್ತದೆ. ಹೊಸದರ ವಾಸನೆ ಟೈರ್ ಅಂಗಡಿಯಲ್ಲಿ ನಿಂತಂತೆ. ಹೊರಗೆ ನೆರಳಿನಲ್ಲಿ ವಾರಗಟ್ಟಲೆ ಗಾಳಿಗೆ ಹಾಕಿದರೂ ಪೂರ್ತಿ ಹೋಗಲಿಲ್ಲ. ಮೇಲ್ಮೈಯ ಉಬ್ಬು ಗೆರೆಗಳಲ್ಲಿ ಧೂಳು ಕೂರುತ್ತದೆ, ಪುಷ್‌ಅಪ್ ಮಾಡುವವರ ಅಂಗೈಯಲ್ಲಿ ಅಚ್ಚು ಮೂಡುತ್ತದೆ. ಕತ್ತರಿಸುವುದಕ್ಕೆ ಒಂದು ರೀತಿಯಿದೆ: ಅಲ್ಯೂಮಿನಿಯಂ ಪಟ್ಟಿ ಇಟ್ಟು, ಬ್ಲೇಡಿಗೆ ಸೋಪಿನ ನೀರು ಹಚ್ಚಿ, ಮೊದಲ ಗೆರೆ ಮೆಲ್ಲಗೆ ಎಳೆಯಬೇಕು. ಆಮೇಲೆ ಗೆರೆಯ ಅಡಿಗೆ ಒಂದು ಮರದ ರೀಪು ಇಟ್ಟರೆ ಸೀಳು ಬಾಯಿ ಬಿಡುತ್ತದೆ, ಮುಂದಿನ ಎಳೆತಗಳು ಹಗುರ. ಒಂದೇ ಏಟಿಗೆ ಕತ್ತರಿಸುತ್ತೇನೆಂದು ಹೊರಟವರ ಬ್ಲೇಡು ಮುರಿಯುತ್ತದೆ.

ಭಾರದ ಬಾರನ್ನು ನೆಲದಿಂದ ಎತ್ತಿ ಇಳಿಸುವ ಡೆಡ್‌ಲಿಫ್ಟ್ ಜಾಗಕ್ಕೆ ಇವುಗಳಲ್ಲಿ ಯಾವುದೂ ಒಂಟಿಯಾಗಿ ಸಾಲದು. ರೋಲಿನ ಮೇಲೆ ನೂರು ಕಿಲೋ ಬಿದ್ದರೆ ರಬ್ಬರಿಗೆ ಏನೂ ಆಗುವುದಿಲ್ಲ, ಅಡಿಯ ನೆಲ ಒಡೆಯುತ್ತದೆ. ವಿಟ್ರಿಫೈಡ್ ಟೈಲ್ಸ್ ಇದ್ದರಂತೂ ಒಡೆದದ್ದು ಗೊತ್ತಾಗುವುದೇ ಹಾಳೆ ಎತ್ತಿದಾಗ. 20 ಮಿ.ಮೀ. ಟೈಲು ಏಟನ್ನು ತಡೆಯುತ್ತದೆ, ಆದರೆ ಒಂದೇ ಜಾಗದಲ್ಲಿ ಬಿದ್ದು ಬಿದ್ದು ಕಣಗಳು ಸಡಿಲಗೊಂಡು ಬಟ್ಟಲಿನಷ್ಟು ಹಳ್ಳವಾಗುತ್ತದೆ. ಕೌ ಮ್ಯಾಟ್ ಹಳ್ಳ ಬೀಳುವುದಿಲ್ಲ, ಆದರೆ ಬಾರನ್ನು ಪುಟಿಸಿ ಕಾಲಿನತ್ತ ಉರುಳಿಸುತ್ತದೆ. ಹಿಂದಿನ ಹಾಲ್‌ನಲ್ಲಿ ನಮಗೆ ಒಗ್ಗಿದ್ದು ಜೋಡಿ ವ್ಯವಸ್ಥೆ: ಎಂಟಡಿ ಚೌಕದಲ್ಲಿ 18 ಮಿ.ಮೀ. ಪ್ಲೈವುಡ್ ಎರಡು ಪದರ, ಒಂದರ ಜೋಡಣೆ ಇನ್ನೊಂದಕ್ಕೆ ಅಡ್ಡ. ಅದರ ಮೇಲೆ ನಡುವೆ ನಿಲ್ಲುವ ಜಾಗಕ್ಕೆ ಇನ್ನೊಂದು ಪ್ಲೈ, ಪ್ಲೇಟು ಬೀಳುವ ಎರಡು ಬದಿಗೆ ಅಷ್ಟೇ ದಪ್ಪದ ಕೌ ಮ್ಯಾಟ್. ಅಂತರರಾಷ್ಟ್ರೀಯ ಭಾರ ಎತ್ತುವ ಸ್ಪರ್ಧೆಗಳ ವೇದಿಕೆ ನಾಲ್ಕು ಮೀಟರ್ ಚೌಕದ್ದು. ನಮ್ಮ ಹಾಲ್‌ನಲ್ಲಿ ಅಷ್ಟು ಜಾಗ ಬಿಟ್ಟರೆ ಸದಸ್ಯರು ಬೀದಿಯಲ್ಲಿ ನಿಲ್ಲಬೇಕಾಗುತ್ತದೆ.

ಉಡುಪಿಯಲ್ಲಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಜಿಮ್ ನಡೆಸುವ ಗೆಳೆಯರು ಸದ್ದಿಗೆ ಯಾವುದು ಒಳ್ಳೆಯದು ಎಂದು ಕೇಳಿದ್ದರು. ದಪ್ಪ ರಬ್ಬರ್ ಠಣ್ ಎನ್ನುವುದನ್ನು ಧಬ್ ಎನಿಸುತ್ತದೆ, ಅಷ್ಟೇ. ಆ ಧಬ್ ಛಾವಣಿಯ ಮೂಲಕ ಕೆಳಗಿನವರ ತಲೆಯ ಮೇಲೆ ಇಳಿದೇ ಇಳಿಯುತ್ತದೆ. ಮಹಡಿಯ ಮೇಲೆ ಭಾರ ಎಸೆಯಲು ಬಿಡದಿರುವುದೇ ಅಲ್ಲಿ ಸರಿಯಾದ ಉಪಾಯ.

ನಿರ್ವಹಣೆಯಲ್ಲಿ ಎಲ್ಲ ರಬ್ಬರಿಗೂ ಒಂದೇ ಶತ್ರು, ಅದು ಫಿನಾಯಿಲ್. ಬೆಳಿಗ್ಗೆ ಒರೆಸಲು ಬರುವವರಿಗೆ ಅದರ ವಾಸನೆ ಬಾರದಿದ್ದರೆ ನೆಲ ಶುದ್ಧವಾಯಿತೆಂದು ಅನಿಸುವುದೇ ಇಲ್ಲ. ಅದರ ಎಣ್ಣೆಯಂಶ ಕಣಗಳ ನಡುವೆ ಉಳಿದು ನೆಲ ಅಂಟಂಟಾಗುತ್ತದೆ, ಧೂಳು ಅದಕ್ಕೇ ಹಿಡಿಯುತ್ತದೆ. ಆಸಿಡ್, ಬ್ಲೀಚಿಂಗ್ ಪುಡಿ, ಥಿನ್ನರ್ ಕೂಡ ಬೇಡ. ಮೊದಲು ವ್ಯಾಕ್ಯೂಮ್ ಕ್ಲೀನರ್, ಆಮೇಲೆ ಸೌಮ್ಯ ಸೋಪಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ, ಕೊನೆಗೆ ಬರಿ ನೀರಿನ ಬಟ್ಟೆ, ಇಷ್ಟು ಸಾಕು. ಕೈಗೆ ಹಚ್ಚುವ ಬಿಳಿ ಪುಡಿ ಬಿದ್ದಲ್ಲಿ ನೇರವಾಗಿ ಒದ್ದೆ ಬಟ್ಟೆ ಹಾಕಿದರೆ ಅದು ಹಿಟ್ಟಿನಂತೆ ಕಲಸಿ ರಂಧ್ರಗಳಿಗೆ ಮೆತ್ತಿಕೊಳ್ಳುತ್ತದೆ. ತಲೆಗೆ ತೆಂಗಿನೆಣ್ಣೆ ಹಚ್ಚಿ ಬಂದು ನೆಲದ ಮೇಲೆ ಮಲಗಿ ಹೊಟ್ಟೆಯ ವ್ಯಾಯಾಮ ಮಾಡುವವರಿಗೆ ಟವೆಲ್ ಕಡ್ಡಾಯ ಮಾಡಿದ್ದೇವೆ. ಇದಕ್ಕೆ ಬೇಸರಿಸಿಕೊಂಡವರೂ ಇದ್ದಾರೆ, ಇರಲಿ. ಶುಚಿ ಮಾಡುವ ಶ್ರಮದಲ್ಲಿ ರೋಲು ಎಲ್ಲಕ್ಕಿಂತ ಸುಲಭ, ಕೌ ಮ್ಯಾಟ್ ಎಲ್ಲಕ್ಕಿಂತ ಕಷ್ಟ. ಟೈಲು ಮೇಲುನೋಟಕ್ಕೆ ಸುಲಭ, ಅಡಿಯಲ್ಲಿ ಕಷ್ಟ.

ಬಾಡಿಗೆ ಕಟ್ಟಡದಲ್ಲಿ ಈಗ ಹೊಸದಾಗಿ ಹಾಸುವುದಾದರೆ ಯಂತ್ರಗಳ ಕೋಣೆಗೆ ಅಂಟಿಸದ ರೋಲು, ಭಾರ ಬೀಳುವಲ್ಲಿ ಪ್ಲೈ ಮತ್ತು ಕೌ ಮ್ಯಾಟ್ ಹಾಕುತ್ತೇನೆ. ಟೈಲು ಕೊಳ್ಳುವುದಿಲ್ಲ. ಕೊಳ್ಳಲೇಬೇಕೆನ್ನುವವರು ನಾಲ್ಕಾರು ಹೆಚ್ಚಿಗೆ ತಂದು, ಬಿಸಿಲು ಬೀಳದ ಕಡೆ ಮಟ್ಟಸವಾಗಿ ಮಲಗಿಸಿಡಿ, ಗೋಡೆಗೆ ಒರಗಿಸಿಟ್ಟರೆ ಬಾಗುತ್ತವೆ. ಮುಂದಿನ ಸಲ ಬರುವ ಮಾಲಿನ ಚುಕ್ಕೆಯ ಬಣ್ಣವೂ ದಪ್ಪವೂ ಹಳೆಯದಕ್ಕೆ ಹೊಂದುವುದು ಅಪರೂಪ. ಒಂದು ಮಿಲಿಮೀಟರ್ ಹೆಚ್ಚಿದ್ದರೂ ಕಾಲು ಎಡವುತ್ತದೆ.